ಎದ್ದು ನಿಂತಾಗ ಬರುವವನು

ಅವಳು ನಕ್ಕಿದ್ದು ಅವನಿಗಲ್ಲ. ಆದರೆ ಹೆಗಲ ಮೇಲೆ ಏಣಿ ಹೊತ್ತು ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಆ ಉದ್ದನೆಯ ಮನುಷ್ಯನಿಗೆ ಅದು ಹೇಗೆ ತಿಳಿಯಬೇಕು?

ಪರದೆ ಹೊಲಿಯುವವಳು ನೆಲಕ್ಕೆ ಹಾಸಿದ ಬಟ್ಟೆಯ ನಡುವೆ ಕೂತು ಕತ್ತರಿ ಆಡಿಸುತ್ತಿದ್ದಳು. ಬಾಗಿಲ ಸದ್ದಿಗೆ ದಡಕ್ಕನೆ ಎದ್ದಳು. ಎದ್ದವಳು ಕಣ್ಣು ಮುಚ್ಚಿ, ಎಡಗೈಯನ್ನು ಮೈಯಿಂದ ಸ್ವಲ್ಪ ದೂರ ಹಿಡಿದು, ತುಟಿಯಂಚಿನಲ್ಲಿ ನಕ್ಕಳು. ಬಹಳ ದಿನ ಕಾಯಿಸಿದವರು ಕೊನೆಗೂ ಬಂದರೆ ನಗುತ್ತೇವಲ್ಲ, ಆ ನಗು. ಉದ್ದನೆಯ ಮನುಷ್ಯ ಹಿಂದೆ ತಿರುಗಿ ನೋಡಿದ. ಬೀದಿಯಲ್ಲಿ ಯಾರೂ ಇರಲಿಲ್ಲ. ಹಾಗಾದರೆ ನನಗೇ ಎಂದುಕೊಂಡು ಅವನೂ ಹಲ್ಲು ಬಿಟ್ಟ.

ಅವಳು ಕಣ್ಣು ತೆರೆದಾಗ ಎದುರಿಗೊಂದು ಏಣಿ, ಪಕ್ಕದಲ್ಲಿ ಏಣಿಯಷ್ಟೇ ಉದ್ದದ ನಗು.

"ಯಾರು ಬೇಕಿತ್ತು?"

"ಪರದೆಗೆ ರಾಡ್ ಹಾಕೋಕೆ ಜನ ಬೇಕು ಅಂತ ಬೋರ್ಡ್ ಹಾಕಿದ್ದೀರಲ್ಲ."

"ಹೌದು. ಅದರಲ್ಲಿ ನಗೋದೇನಿದೆ?"

"ನೀವು ನಕ್ರಿ. ನಾನು ಸಾಲ ಇಟ್ಕೊಳ್ಳೋನಲ್ಲ."

ಒಳಕೋಣೆಯಿಂದ ಅವಳ ಅತ್ತೆ ಇಣುಕಿದರು. ಕನ್ನಡಕ ಸರಿಮಾಡಿಕೊಂಡು, "ಇದರಲ್ಲಿ ಏಣಿ ಯಾವುದು, ಮನುಷ್ಯ ಯಾವುದು?" ಎಂದರು. ಅಂದಿನಿಂದ ಆ ಮನೆಯಲ್ಲಿ ಅವನ ಹೆಸರು ಏಣಿರಾಯ.

ಎದ್ದು ನಿಂತ ಕೂಡಲೇ ಒಂದೆರಡು ಉಸಿರಿನಷ್ಟು ಹೊತ್ತು ಲೋಕ ಅವಳಿಗೆ ಕೈ ಕೊಡುತ್ತಿತ್ತು. ಮೊದಲು ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಆಮೇಲೆ ಕಣ್ಣಂಚಿನಿಂದ ಒಳಕ್ಕೆ ಕತ್ತಲೆ ನುಗ್ಗುತ್ತಿತ್ತು, ನೆಲ ಒಂದು ಕಡೆಗೆ ವಾಲುತ್ತಿತ್ತು. ಹಿಂದೊಮ್ಮೆ ಬಂದ ಕೆಟ್ಟ ಜ್ವರ ಹೋಗುವಾಗ ಇದನ್ನು ಬಿಟ್ಟುಹೋಗಿತ್ತು. ಆಗ ಗಂಡ ಇದ್ದ. ಇದೇ ನೆಲದ ಮೇಲೆ, ಇದೇ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದವನು ಅವನು. ಹೆಂಡತಿ ಏಳುವ ಸೂಚನೆ ಸಿಕ್ಕರೆ ಸಾಕು, ಕೆಲಸ ಬಿಟ್ಟು ಬಂದು ಅವಳ ಎಡ ಮೊಣಕೈ ಹಿಡಿಯುತ್ತಿದ್ದ. ಕತ್ತರಿಯಿಂದ ಗಂಟುಕಟ್ಟಿದ ಅವನ ಹೆಬ್ಬೆರಳು ಮೊಣಕೈಯ ಒಳಮಡಿಕೆಯನ್ನು ಒತ್ತುತ್ತಿತ್ತು. "ಡಾಕ್ಟರಿಗೆ ತೋರಿಸೋಣ್ವಾ?" ಎಂದು ಅವಳು ಕೇಳಿದರೆ, "ನಾನಿದ್ದೀನಲ್ಲ" ಎನ್ನುತ್ತಿದ್ದ.

ಅವನು ಹೋಗಿ ಮೂರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಆದರೆ ಅವಳು ದಡಕ್ಕನೆ ಎದ್ದಾಗಲೆಲ್ಲ ಆ ಕೈ ಬರುತ್ತಿತ್ತು. ಕತ್ತಲೆಯ ನಡುವೆ ಅದೇ ಹೆಬ್ಬೆರಳು, ಅದೇ ಜಾಗ. ಕಣ್ಣಿಗೆ ಬೆಳಕು ಮರಳಿದ ಮೇಲೆ ಹೋಗುತ್ತಿತ್ತು. ಅದಕ್ಕಾಗಿಯೇ ಅವಳು ನಿಧಾನವಾಗಿ ಏಳುತ್ತಿರಲಿಲ್ಲ.

ಇದು ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಸಂಜೆ ಅಂಗಡಿಯ ಬಾಗಿಲು ಹಾಕುವಾಗ ಅವರು ಕೇಳುತ್ತಿದ್ದರು. "ಬಂದಿದ್ನಾ?"

"ಬಂದಿದ್ರು ಅತ್ತೆ."

"ಕೈ ಬೆಚ್ಚಗಿತ್ತಾ?"

"ಇತ್ತು."

ಅಷ್ಟು ಕೇಳಿಸಿಕೊಂಡ ಮೇಲೆಯೇ ಅವರಿಗೆ ಊಟ ಸೇರುತ್ತಿದ್ದದ್ದು.

ಏಣಿರಾಯ ಮಾತಿನ ಮಲ್ಲ. ಗಿರಾಕಿಗಳ ಮನೆಗಳಲ್ಲಿ ಅವನು ಏಣಿಯ ಮೇಲೆ ನಿಂತು ಗೋಡೆ ಕೊರೆಯುತ್ತಿದ್ದ, ಅವಳು ಕೆಳಗೆ ಏಣಿಯ ಬುಡದಲ್ಲಿ ಕೂತು ಪರದೆಯ ಅಂಚಿಗೆ ಪಿನ್ ಚುಚ್ಚುತ್ತಿದ್ದಳು. ಮೇಲಿಂದ ಗೋಡೆಯ ಪುಡಿಯೂ ಮಾತೂ ಒಟ್ಟಿಗೆ ಉದುರುತ್ತಿದ್ದವು.

"ನಿಮ್ಮ ತಲೆ ಮೇಲೆಲ್ಲ ಸುಣ್ಣ. ಈಗಲೇ ಅಜ್ಜಿ ಆದ್ರೆ ಹೇಗಿರ್ತೀರಿ ಅಂತ ನೋಡಿಬಿಟ್ಟೆ."

"ಹೇಗಿದ್ದೀನಿ?"

"ಈಗಿನ ಹಾಗೇ. ಬೈಯೋದು ಸ್ವಲ್ಪ ಕಮ್ಮಿ."

ಅವಳಿಗೆ ನಗು ಬರುತ್ತಿತ್ತು. ಬಂದ ನಗುವನ್ನು ಪಿನ್ನಿನ ಜೊತೆ ತುಟಿಯಲ್ಲೇ ಕಚ್ಚಿ ಹಿಡಿಯುತ್ತಿದ್ದಳು. ಗಂಡನ ನೆನಪಿಗೆ ದ್ರೋಹ ಮಾಡಿದಂತೆ ಅನಿಸಿ, ಬೇಕೆಂದೇ ಒಮ್ಮೆ ದಡಕ್ಕನೆ ಎದ್ದು ಆ ಕೈಯನ್ನು ಕರೆಸಿಕೊಳ್ಳುತ್ತಿದ್ದಳು. ಏಣಿರಾಯ ಮೇಲಿನಿಂದ ಎಲ್ಲ ನೋಡುತ್ತಿದ್ದ, ಆಗ ಮಾತ್ರ ಅವನ ಬಾಯಿಗೆ ಬೀಗ ಬೀಳುತ್ತಿತ್ತು.

ಒಂದು ದಿನ ಕೈ ಬಂತು, ಆದರೆ ಅವಳನ್ನು ಹಿಡಿದು ನಿಲ್ಲಿಸಲು ಅದಕ್ಕಾಗಲಿಲ್ಲ. ಕಿಟಕಿಯ ಕಟ್ಟೆಗೆ ಹಣೆ ಬಡಿದು ಹುಬ್ಬು ಸೀಳಿತು. ಏಣಿರಾಯ ಕರವಸ್ತ್ರ ಒತ್ತಿ ಹಿಡಿದು, ಒಂದೂ ತಮಾಷೆ ಮಾಡದೆ, ಡಾಕ್ಟರ ಬಳಿ ಕರೆದೊಯ್ದ.

ಡಾಕ್ಟರಮ್ಮ ಅವಳನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿದರು. "ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತೆ. ಅದನ್ನ ತಲೆಗೆ ತಳ್ಳಿ ಅಂತ ನರಗಳು ನಮ್ಮನ್ನ ಕೇಳದೇನೇ ಹುಕುಂ ಕೊಡ್ತವೆ. ಅಟಾನಮಿಕ್ ನರ್ವಸ್ ಸಿಸ್ಟಮ್ ಅಂತೀವಿ. ನಿಮ್ಮದು ಆ ಹುಕುಂ ತಡವಾಗಿ ಕೊಡ್ತಿದೆ. ಕಾಲಿಗೆ ಬಿಗಿ ಸಾಕ್ಸ್ ಹಾಕಿ, ನೀರು ಜಾಸ್ತಿ ಕುಡೀರಿ. ಏಳೋ ಮುಂಚೆ ಪಾದ ಆಡಿಸಿ, ಮುಷ್ಟಿ ಬಿಗಿ ಹಿಡಿದು ಬಿಡಿ, ಆಮೇಲೆ ಹಂತ ಹಂತವಾಗಿ ಏಳಿ."

"ಹಾಗೆ ಮಾಡಿದ್ರೆ ಬರೋದೇ ಇಲ್ವಾ?" ಅವಳ ಪ್ರಶ್ನೆಯಲ್ಲಿ ಆಸೆಯಿರಲಿಲ್ಲ, ಹೆದರಿಕೆಯಿತ್ತು.

"ಪೂರ್ತಿ ಹೋಗುತ್ತೆ ಅನ್ನಲ್ಲ. ಬಹಳ ಕಮ್ಮಿ ಆಗುತ್ತೆ."

ಮರುದಿನದಿಂದ ಏಣಿರಾಯ ಅವಳೆದುರು ಕೂತು ತಾನೂ ಪಾದ ಆಡಿಸಿದ, ತಾನೂ ಮುಷ್ಟಿ ಹಿಡಿದ. "ಯಾರನ್ನ ಗುದ್ದೋಣ?" ಎಂದು ಕೇಳಿದ. ಆ ಆಟ ಅವಳಿಗೆ ಇಷ್ಟವಾಯಿತು. ಹಾಗೆ ಇಷ್ಟಪಡುತ್ತಲೇ ಕೆಲವು ವಾರ ಕಳೆದವು. ಕತ್ತಲೆ ಬರಲಿಲ್ಲ, ನೆಲ ವಾಲಲಿಲ್ಲ.

"ಬಂದಿದ್ನಾ?"

"ಇಲ್ಲ ಅತ್ತೆ."

ಅತ್ತೆ ಬೇಗ ಕೈ ತೊಳೆದುಬಿಡುತ್ತಿದ್ದರು. ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು. ತಾನೊಬ್ಬಳು ಸುಖವಾಗಿರಲು ಒಬ್ಬ ತಾಯಿಯ ಮಗನನ್ನು ಎರಡನೇ ಸಲ ಕಳೆದೆನೇ ಎಂದು ಸೊಸೆಗೆ ಅನಿಸತೊಡಗಿತು. ಕೆಲಸದ ನಡುವೆ ಅವಳ ಬಲಗೈ ತಾನಾಗಿ ಎಡ ಮೊಣಕೈಯನ್ನು ಹುಡುಕುತ್ತಿತ್ತು.

ಒಂದು ದಿನ, ಎತ್ತರದ ಕಿಟಕಿಗಳಿದ್ದ ಒಬ್ಬ ಗಿರಾಕಿಯ ಮನೆಯಲ್ಲಿ, ಅವಳಿಗೆ ತಡೆಯಲಾಗಲಿಲ್ಲ. ಏಣಿರಾಯ ತುದಿಮೆಟ್ಟಿಲಲ್ಲಿದ್ದ. ನುಣುಪು ನೆಲ, ಅದಕ್ಕೇ ಅವಳು ಏಣಿಯ ಬುಡವನ್ನು ಎಡಗೈಯಿಂದ ಬಿಗಿಯಾಗಿ ಹಿಡಿದು ಕೂತಿದ್ದಳು. ಒಂದೇ ಸಲ, ಎಂದುಕೊಂಡಳು. ಪಾದ ಆಡಿಸದೆ, ಮುಷ್ಟಿ ಹಿಡಿಯದೆ, ದಡಕ್ಕನೆ ಎದ್ದಳು.

ಕಿವಿಯಲ್ಲಿ ಸದ್ದು, ಆಮೇಲೆ ಕತ್ತಲೆ. ಕೈ ಬಂತು. ಅವಳು ಕಣ್ಣು ಮುಚ್ಚಿ ಎಡಗೈಯನ್ನು ಅದಕ್ಕೆ ಒಪ್ಪಿಸಿದಳು. ಏಣಿ ಹಿಡಿದಿದ್ದದ್ದೂ ಅದೇ ಕೈ ಎನ್ನುವುದು ನೆನಪಾದದ್ದು ದೊಡ್ಡ ಸದ್ದು ಕೇಳಿದ ಮೇಲೆ.

ಬೆಳಕು ಬಂದಾಗ ಏಣಿರಾಯ ನೆಲದ ಮೇಲೆ ಕೂತು ಮಣಿಕಟ್ಟನ್ನು ಎದೆಗೆ ಒತ್ತಿಕೊಂಡಿದ್ದ. ಮುಖ ಬಿಳಿಚಿಕೊಂಡಿತ್ತು.

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ," ಎಂದ. "ನನಗೆ ಮೀಸೇನೇ ಇಲ್ಲ. ಹಾಗಾಗಿ ಬಚಾವ್."

ಅವಳಿಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದಳು. ಗಂಡನ ಹೆಬ್ಬೆರಳು, ಬೇಕೆಂದೇ ಎದ್ದದ್ದು, ಮೊದಲ ದಿನದ ನಗು ಯಾರಿಗೆ ಎನ್ನುವುದು.

"ನಗು ನನಗಲ್ಲ ಅಂತ ಸ್ವಲ್ಪ ದಿನದಲ್ಲೇ ಗೊತ್ತಾಗಿತ್ತು," ಎಂದ ಏಣಿರಾಯ. "ಕಣ್ಣು ಮುಚ್ಕೊಂಡು ಯಾರಾದ್ರೂ ಎದುರಿಗಿರೋರನ್ನ ನೋಡಿ ನಗ್ತಾರಾ? ಗೊತ್ತಾದ್ಮೇಲೂ ದಿನಾ ಅದನ್ನ ನೋಡೋಕೇ ಬರ್ತಿದ್ದೆ. ಇನ್ನೊಬ್ಬರ ಮನೆ ದೀಪ ಅಂತ ಗೊತ್ತಿದ್ರೂ ಬೀದೀಲಿ ನಿಂತು ನೋಡಲ್ವಾ, ಹಾಗೆ."

ಅವಳು ಉರುಳಿದ್ದ ಏಣಿಯನ್ನು ಪಕ್ಕಕ್ಕೆ ಸರಿಸಿ ಅವನೆದುರು ಕೂತಳು.

"ಅವರ ಮೇಲೆ ನನಗೆ ಜಗಳ ಇಲ್ಲ. ಅವರು ನಿಮ್ಮನ್ನ ಹಿಡೀತಾರೆ, ಸರಿ. ನನ್ನ ಏಣಿ ಯಾರು ಹಿಡೀಬೇಕು?" ಅವನು ನಿಧಾನವಾಗಿ ಕೇಳಿದ. ತಮಾಷೆ ಎಲ್ಲೂ ಇರಲಿಲ್ಲ.

ಮಣಿಕಟ್ಟಿನ ಮೂಳೆಯಲ್ಲಿ ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿಸಿ ಅವನನ್ನು ಮನೆಗೆ ಬಿಟ್ಟು ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಅವಳ ಮುಖ ನೋಡಿಯೇ, "ಬಂದಿದ್ನಾ?" ಎಂದರು.

"ಬಂದಿದ್ರು. ಏಣಿರಾಯರು ಬಿದ್ರು."

ಎಲ್ಲ ಕೇಳಿ ಅತ್ತೆ ಸೆರಗಿನ ತುದಿಯನ್ನು ಮಡಚಿದರು, ಬಿಚ್ಚಿದರು. "ನನ್ನ ಮಗನ ಸುದ್ದಿ ಕೇಳೋ ಆಸೆಗೆ ನಿನ್ನನ್ನ ದಿನಾ ಬೀಳಿಸ್ತಿದ್ದೆ. ವಯಸ್ಸಾಯ್ತು, ಬುದ್ಧಿ ಬರಲಿಲ್ಲ."

"ನೀವಲ್ಲ ಅತ್ತೆ. ನಾನೇ."

"ಇಬ್ರೂ ಅಂತಿಟ್ಕೋ. ಅವನು ಹೇಳದೆ ಹೋದ, ಅದಕ್ಕೇ ಇಷ್ಟೆಲ್ಲ. ನೀನಾದ್ರೂ ಹೇಳಿ ಕಳಿಸು. ಕೂತ್ಕೋ. ನಾನು ಹಿಂದೆ ನಿಂತಿರ್ತೀನಿ."

ಹಾಸಿದ ಬಟ್ಟೆಯ ನಡುವೆ, ಗಂಡ ಕೂರುತ್ತಿದ್ದ ಜಾಗದಲ್ಲಿ ಅವಳು ಕೂತಳು. ಅತ್ತೆಯ ಎರಡೂ ಕೈ ಬೆನ್ನ ಹಿಂದೆ ಕಾದಿದ್ದವು. ಅವಳು ದಡಕ್ಕನೆ ಎದ್ದಳು.

ಗುಂಯ್ ಎಂದಿತು. ಕತ್ತಲೆ ಮುಚ್ಚಿತು. ಹೆಬ್ಬೆರಳು ತನ್ನ ಜಾಗಕ್ಕೆ ಬಂತು, ಬೆಚ್ಚಗೆ. ಇಷ್ಟು ದಿನ ಅವಳು ಆ ಕತ್ತಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

"ನಾನಿನ್ನು ನಿಧಾನಕ್ಕೆ ಏಳ್ತೀನಿ ಕಣ್ರೀ," ಎಂದಳು.

ಹೆಬ್ಬೆರಳು ಒಮ್ಮೆ ಒತ್ತಿತು. ಆಮೇಲೆ, ಕಣ್ಣಿಗೆ ಬೆಳಕು ಬರುವ ಮುಂಚೆಯೇ, ಬಿಟ್ಟಿತು. ಹಾಗೆ ಹಿಂದೆಂದೂ ಆಗಿರಲಿಲ್ಲ. ಉಳಿದ ಕತ್ತಲೆಯಲ್ಲಿ ಅವಳೊಬ್ಬಳೇ ಇದ್ದಳು, ಮತ್ತು ಅದು ಎಷ್ಟು ದೊಡ್ಡದೆಂದು ಅವಳಿಗೆ ಆಗ ತಿಳಿಯಿತು. ಮೊಣಕಾಲು ಕುಸಿಯಿತು. ಸೋಪಿನ ವಾಸನೆಯ ಎರಡು ಮುದಿ ಕೈಗಳು ಅವಳನ್ನು ತಬ್ಬಿ ಹಿಡಿದು ಜೊತೆಗೇ ನೆಲಕ್ಕೆ ಕೂತವು.

"ಹೋದ್ನಾ?"

"ಹೋದ್ರು."

"ಬೆಚ್ಚಗಿತ್ತಾ?"

"ಇತ್ತು ಅತ್ತೆ."

ಇಬ್ಬರೂ ಮನಸಾರೆ ಅತ್ತರು. ಕೊನೆಗೆ ಅತ್ತೆಯೇ ಮೂಗು ಒರೆಸಿಕೊಂಡು, "ಬಟ್ಟೆ ಗಿರಾಕೀದು. ಒದ್ದೆ ಮಾಡ್ಬೇಡ," ಎಂದು ಅಡುಗೆಮನೆಗೆ ಹೋದರು. ಆ ಸಂಜೆ ತಟ್ಟೆಯಲ್ಲಿ ಅನ್ನ ಉಳಿಯಲಿಲ್ಲ.

ಮರುದಿನ ಏಣಿರಾಯ ಏಣಿಯಿಲ್ಲದೆ ಬಂದ. ಕೊರಳಿಂದ ಇಳಿಬಿಟ್ಟ ಪಟ್ಟಿಯಲ್ಲಿ ಕೈ ನೇತಾಡುತ್ತಿತ್ತು.

"ಹತ್ತೋ ಹಾಗಿಲ್ಲ. ಕೂತು ಮಾಡೋ ಕೆಲಸ ಏನಾದ್ರೂ ಕೊಡಿ."

"ರಜಾ ಹಾಕಿ ಮನೇಲಿರಬಾರದಾ?"

"ಮನೇಲಿ ಬೈಯೋರಿಲ್ಲ."

ಅವಳು ಪರದೆಯ ಕೊಕ್ಕೆಗಳ ಡಬ್ಬಿಯನ್ನು ಅವನ ಮುಂದೆ ತಳ್ಳಿದಳು. ಅವನು ಕೂತು, ಒಂದು ಕೈಯಲ್ಲಿ ಕೊಕ್ಕೆ ಸಿಕ್ಕಿಸಲು ಹೋಗಿ ನಾಲ್ಕು ಬೀಳಿಸಿದ. ಅವಳಿಗೆ ನೂಲಿನ ಉಂಡೆ ಬೇಕಾಯಿತು. ಅದು ಮೇಲಿನ ಹಲಗೆಯಲ್ಲಿತ್ತು.

ಅವಳು ಪಾದ ಆಡಿಸಿದಳು. ಮುಷ್ಟಿ ಬಿಗಿ ಹಿಡಿದು ಬಿಟ್ಟಳು. ಒಂದು ಮೊಣಕಾಲೂರಿ ನಿಂತು ಉಸಿರೆಳೆದುಕೊಂಡಳು. ಏಣಿರಾಯ ಕೊಕ್ಕೆ ಬಿಟ್ಟು ನೋಡುತ್ತಿದ್ದ, ಸಹಾಯಕ್ಕೆ ಬರಲಿಲ್ಲ, ಅವಳ ಮೇಲಿಂದ ಕಣ್ಣೂ ಕೀಳಲಿಲ್ಲ. ಅವಳು ಎದ್ದಳು. ಕಿವಿಯಲ್ಲಿ ಸಣ್ಣಗೆ ಏನೋ ಸದ್ದಾಗಿ ನಿಂತಿತು. ಎಡ ಮೊಣಕೈ ಖಾಲಿಯಾಗಿತ್ತು. ಅದು ಬಹಳ ಕಾಲ ಹಾಗೆಯೇ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಎದುರಿಗೆ ಆ ಉದ್ದನೆಯ ಮುಖವಿತ್ತು. ಅವಳು ಅದನ್ನು ನೋಡಿ ನಕ್ಕಳು.

ಏಣಿರಾಯ ಕೂತಲ್ಲಿಂದಲೇ ಹಿಂದೆ ತಿರುಗಿ ನೋಡಿದ. ತೆರೆದ ಬಾಗಿಲು, ಬೀದಿ. ಯಾರೂ ಇರಲಿಲ್ಲ.

"ಯಾರನ್ನ ಹುಡುಕ್ತಿದ್ದೀರಿ?"

"ಅಭ್ಯಾಸ ಆಗಿಹೋಗಿದೆ," ಎಂದ.

"ಬಿಟ್ಟುಬಿಡಿ ಆ ಅಭ್ಯಾಸ."

ಅವಳು ಬಲಗೈ ಚಾಚಿದಳು. "ಏಳಿ. ನಿಧಾನಕ್ಕೆ."

ಅವನು ಪೆಟ್ಟಾಗದ ಕೈಯನ್ನು ಅವಳ ಕೈಯೊಳಗಿಟ್ಟ. ಅವನು ಪೂರ್ತಿ ಎದ್ದು ನಿಲ್ಲುವವರೆಗೆ ಅವಳು ಕಣ್ಣು ಮುಚ್ಚಲಿಲ್ಲ.