ಹಿತ್ತಾಳೆ ಹದ್ದನ್ನು ಉಜ್ಜಿದ ಕೈ

೨೦೧೮ರ ಜೂನ್ ೨೬, ಮಂಗಳವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಹಾರ್‌ಬ್ರಿಗ್ ಪೊಲೀಸ್ ಠಾಣೆಯ ಫೋನು ರಿಂಗಾಯಿತು. ಆ ಕಡೆ ಇದ್ದವನು ಸೇಂಟ್ ಬಾಟಲ್ಫ್ ಚರ್ಚಿನ ಆಡಳಿತ ನೋಡಿಕೊಳ್ಳುವ ವಾರ್ಡನ್ ಜೆರಾಲ್ಡ್ ಫೆನ್ವಿಕ್. ಚರ್ಚು ನೋಡಲು ಬಂದಿದ್ದ ಎಪ್ಪತ್ತೊಂದು ವರ್ಷದ ಹೆಂಗಸೊಬ್ಬರು ದುರ್ನಾತ ತಾಳಲಾರದೆ ವಾಂತಿ ಮಾಡಿಕೊಂಡಿದ್ದರು. ಅದರಲ್ಲೇ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ನಾತ ನೆಲದೊಳಗಿನ ಕಬ್ಬಿಣದ ಜಾಲರಿಯ ಕೆಳಗಿನಿಂದ ಬರುತ್ತಿತ್ತು.

"ಕೆಳಗೆ ಏನಿದೆ?" ಎಂದು ಕೇಳಿದರು ಇನ್‌ಸ್ಪೆಕ್ಟರ್ ನೆವಿಲ್ ಪಿಕರ್ಸ್‌ಗಿಲ್.

"ನೀವೇ ಬಂದು ನೋಡಿ. ನನ್ನ ಬಾಯಲ್ಲಿ ಹೇಳಿಸಬೇಡಿ."

ಪಿಕರ್ಸ್‌ಗಿಲ್ ಅರ್ಧ ತಿಂದಿದ್ದ ಹಂದಿಮಾಂಸದ ಪೈಯನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟು ಎದ್ದರು. ಅದನ್ನು ಅವರು ಮತ್ತೆ ಮುಟ್ಟಲಿಲ್ಲ.

ಮೂರು ವಾರದಿಂದ ಮಳೆಯ ಹನಿಯಿಲ್ಲ. ಆರುನೂರು ವರ್ಷದ ಕಲ್ಲಿನ ಚರ್ಚೂ ಒಳಗೆ ಬೆಚ್ಚಗಾಗಿತ್ತು. ಜಾಲರಿಯ ಕೆಳಗಿದ್ದದ್ದು ಚಳಿಗಾಲದಲ್ಲಿ ಬಿಸಿಗಾಳಿ ಬರಲೆಂದು ನೆಲದಡಿ ಮಾಡಿದ ಹಳೆಯ ಕಾಲುವೆ. ಬೇಸಿಗೆಯಲ್ಲಿ ಯಾರೂ ಅದರತ್ತ ತಿರುಗಿ ನೋಡುವುದಿಲ್ಲ. ಕಾನ್‌ಸ್ಟೇಬಲ್ ಬೆತ್ ಆಕ್ರಾಯ್ಡ್ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಜಾಲರಿ ಎತ್ತಿದಳು. ಒಳಗೆ ಮೀನಿನ ತಲೆಗಳು, ಕರುಳು, ಪಿತ್ತ. ಎಸರು ಕುದಿಯುವಾಗ ಅಕ್ಕಿ ಏಳುವ ಹಾಗೆ ಅದರ ಮೇಲೆ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು.

"ಅಯ್ಯೋ ಸಾರ್, ಇದು ನನ್ನನ್ನೇ ನೋಡ್ತಿದೆ," ಎಂದಳು ಬೆತ್, ಒಂದು ಕಣ್ಣಷ್ಟೇ ಉಳಿದಿದ್ದ ತಲೆಯೊಂದನ್ನು ತೋರಿಸಿ.

"ಅದರ ಜೊತೆ ಮಾತಾಡಬೇಡ. ಬರ್ಕೊ."

ಹನ್ನೊಂದು ಐದಕ್ಕೆ ಸ್ಥಳ ಮಹಜರು ಮುಗಿಯಿತು. ಮೀನಿನ ತಲೆ ಮೂವತ್ತೆಂಟು. ಕರುಳು ಎಣಿಸಲು ಬಾರದು.

"ನಾತ ಯಾವಾಗಿಂದ?" ಪಿಕರ್ಸ್‌ಗಿಲ್ ಕೇಳಿದರು.

"ಶನಿವಾರದಿಂದ... ಸ್ವಲ್ಪ," ಎಂದ ಫೆನ್ವಿಕ್. ಈ ಸೆಕೆಯಲ್ಲೂ ಕೋಟು ಬಿಚ್ಚಿರಲಿಲ್ಲ.

"ಭಾನುವಾರ ಪ್ರಾರ್ಥನೆ ನಡೀತಾ?"

"ನಡೆಯದೆ? ಐವತ್ತೆರಡು ಜನ ಬಂದಿದ್ರು."

"ಒಬ್ಬರೂ ಬಾಯಿ ಬಿಡಲಿಲ್ವಾ?"

"ಪಕ್ಕದಲ್ಲಿ ಕೂತವರನ್ನ ಹಾಗೆಲ್ಲ ಕೇಳೋಕಾಗುತ್ತಾ ಇನ್‌ಸ್ಪೆಕ್ಟರ್? ಸಭ್ಯತೆ ಅಂತ ಒಂದಿರುತ್ತೆ."

ಐವತ್ತೆರಡು ಮಂದಿ ಕೊಳೆತ ಮೀನಿನ ಮೇಲೆ ನಿಂತು, ಅದು ಪಕ್ಕದವರದೇ ವಾಸನೆಯೆಂದು ತಿಳಿದು, ಬಾಯಿ ತುಂಬ ಹಾಡಿ ಮನೆಗೆ ಹೋಗಿದ್ದರು. ಪಿಕರ್ಸ್‌ಗಿಲ್‌ಗೆ ಹುಳುಗಳಿಗಿಂತ ಅದೇ ಹೆಚ್ಚು ಹೇಸಿಗೆ ಎನಿಸಿತು.

ಬಾಗಿಲ ಬಳಿ ಸಂದರ್ಶಕರ ಪುಸ್ತಕ. ಊರೂರು ಸುತ್ತಿ ಹಳೆಯ ಚರ್ಚು ನೋಡುವವರು ಅದರಲ್ಲಿ ಎರಡು ಸಾಲು ಗೀಚದೆ ಹೋಗುವುದಿಲ್ಲ. ಬೆತ್ ಗಟ್ಟಿಯಾಗಿ ಓದಿದಳು. "ಬುಧವಾರ: ಚೆಂದದ ಚರ್ಚು. ಹಿತ್ತಾಳೆ ಹದ್ದು ಮಾತ್ರ ಮಂಕಾಗಿದೆ, ಯಾರಾದರೂ ಉಜ್ಜಬಾರದೇ? ಗುರುವಾರ ಸಂಜೆ: ಹದ್ದು ಕನ್ನಡಿಯಂತಿದೆ, ಉಜ್ಜಿದ ಕೈಗೆ ವಂದನೆ. ಶನಿವಾರ: ಶಾಂತವಾದ ಜಾಗ, ಕಿಟಕಿ ತೆರೆದರೆ ಒಳ್ಳೆಯದು. ಸೋಮವಾರ: ಮರೆಯಲಾಗದ ಭೇಟಿ." ಪುಸ್ತಕ ಮುಚ್ಚಿದಳು. "ಎಲ್ಲರಿಗೂ ಮೂಗಿತ್ತು ಸಾರ್, ಬಾಯಿರಲಿಲ್ಲ."

ಪಿಕರ್ಸ್‌ಗಿಲ್ ಹದ್ದಿನ ಕಡೆ ತಿರುಗಿದರು. ರೆಕ್ಕೆ ಬಿಚ್ಚಿ ಬೆನ್ನ ಮೇಲೆ ಬೈಬಲ್ ಹೊತ್ತ ಆ ಹದ್ದಿನ ಓದುಪೀಠ ಜಾಲರಿಯಿಂದ ಎರಡೇ ಹೆಜ್ಜೆಯಲ್ಲಿತ್ತು. ಗರಿಗಳ ಸಂದಿಯಲ್ಲೂ ಕಿಲುಬಿಲ್ಲದೆ ಥಳಥಳಿಸುತ್ತಿತ್ತು.

"ಹದ್ದು ಉಜ್ಜೋ ಸರದಿ ಯಾರದು?"

ಫೆನ್ವಿಕ್ ಗೋಡೆಯ ಪಟ್ಟಿ ನೋಡಿದ. "ಜೂನ್ ಪೂರ್ತಿ ಮಿಸೆಸ್ ಕ್ರ್ಯಾಬ್‌ಟ್ರೀದು. ಆದರೆ ಆಕೆಗೆ ಸೊಂಟದ ಆಪರೇಷನ್ ಆಗಿದೆ, ತಿಂಗಳಿಂದ ಬಂದಿಲ್ಲ."

"ಹಾಗಾದರೆ ಉಜ್ಜಿದ್ದು ಯಾರು?"

ಪಟ್ಟಿಯ ಕೆಳಗೆ ಹಳೆಯ ವರ್ಷಗಳ ಪಟ್ಟಿಗಳೂ ಅದೇ ಮೊಳೆಗೆ ಚುಚ್ಚಿಕೊಂಡಿದ್ದವು. ಪಿಕರ್ಸ್‌ಗಿಲ್ ಒಂದೊಂದೇ ಎತ್ತಿದರು. ಎಲ್ಲದರಲ್ಲೂ ಒಂದೇ ಹೆಸರು: ಮಾವಿಸ್ ಥ್ವೇಟ್. ಈ ವರ್ಷದ ಪಟ್ಟಿಯಲ್ಲಿ ಮಾತ್ರ ಅದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಕ್ರ್ಯಾಬ್‌ಟ್ರೀ ಎಂದು ಬರೆದಿತ್ತು.

"ಆಕೆ ಈಗ ಬರಲ್ಲ," ಎಂದ ಫೆನ್ವಿಕ್. "ಆ ದಿಂಬುಗಳ ವಿಷಯಕ್ಕೆ ರಾದ್ಧಾಂತ ಮಾಡಿದ್ಲು."

ಪಿಕರ್ಸ್‌ಗಿಲ್ ಆಗಷ್ಟೇ ಸುತ್ತ ನೋಡಿದರು. ಹುಡುಗನಾಗಿ ಹಾಡಲು ನಿಲ್ಲುತ್ತಿದ್ದ ಚರ್ಚು ಇದು. ಉದ್ದನೆಯ ಓಕ್ ಮರದ ಬೆಂಚುಗಳಿರಲಿಲ್ಲ. ಬೆಂಚಿನುದ್ದಕ್ಕೂ ನೇತಾಡುತ್ತಿದ್ದ, ಮಂಡಿಯೂರಲು ಊರ ಹೆಂಗಸರು ಉಣ್ಣೆಯಲ್ಲಿ ಕಸೂತಿ ಹಾಕಿದ ದಿಂಬುಗಳೂ ಇರಲಿಲ್ಲ. ಮಡಚುವ ಕುರ್ಚಿಗಳೂ ಒಂದು ಕಾಫಿ ಯಂತ್ರವೂ ಇದ್ದವು.

"ದಿಂಬು ಎಲ್ಲಿ ಹೋದವು?"

"ಧೂಳು ಹಿಡಿದ ಹಳೇ ಸಾಮಾನು. ಬರೋ ಭಾನುವಾರ ಬಿಷಪ್ ಬರ್ತಾರೆ, ನೋಡೋಕೆ ಬರೋರಿಗೆ ಜಾಗ ಬೇಕಿತ್ತು. ನಾಯಿ ಸಾಕೋ ಕೇಂದ್ರಕ್ಕೆ ಕೊಟ್ಟೆ. ಕಸಕ್ಕೆ ಹಾಕೋದಕ್ಕಿಂತ ವಾಸಿ ಅಲ್ವಾ?" ಒಳ್ಳೆಯ ಕೆಲಸ ಮಾಡಿದವನ ಮುಖ ಅವನದು.

ಪಿಕರ್ಸ್‌ಗಿಲ್ ಬೆತ್‌ಳನ್ನು ನಾಯಿಕೇಂದ್ರಕ್ಕೆ ಅಟ್ಟಿ, ತಾವು ಸಂತೆಚೌಕದ ಪಕ್ಕದ ಮೀನಿನಂಗಡಿಗೆ ಹೋದರು. ಹದ್ದು ಹೊಳೆಯತೊಡಗಿದ ಗುರುವಾರ, ಸಂತೆಯ ದಿನ, ತಲೆ, ಕರುಳು ಒಯ್ದವರು ಯಾರೆಂದು ಕೇಳಿದಾಗ ಅಂಗಡಿಯವನಿಗೆ ಯೋಚಿಸಬೇಕಾಗಲಿಲ್ಲ. "ಮಾವಿಸಮ್ಮ. ಬಕೆಟ್ ತಗೊಂಡೇ ಬಂದಿದ್ರು. ಬೆಕ್ಕಿಗೆ ಅಂದ್ರು."

"ಅವರ ಬೆಕ್ಕು ಸತ್ತು ಎರಡು ವರ್ಷ ಆಯ್ತಲ್ಲೋ."

"ಗೊತ್ತು ಸಾರ್. ಪಾಪ, ಕೇಳೋದು ಹೇಗೆ ಅಂತ ಸುಮ್ಮನಾದೆ."

ಇವನೂ ಸಭ್ಯ.

ಎರಡು ಹತ್ತಕ್ಕೆ ಮಾವಿಸ್ ಥ್ವೇಟ್ ಬಾಗಿಲು ತೆರೆದರು. ಎಪ್ಪತ್ತನಾಲ್ಕು ವರ್ಷ, ಇಸ್ತ್ರಿ ಮಾಡಿದ ಏಪ್ರನ್, ಬೆರಳ ಸಂದಿಯಲ್ಲಿ ಹಿತ್ತಾಳೆ ಪಾಲಿಶಿನ ಕಪ್ಪು.

"ಬಾ ನೆವಿಲ್. ನಿಮ್ಮಮ್ಮನ ಮಂಡಿ ಹೇಗಿದೆ?" ಎಂದವರು ಉತ್ತರಕ್ಕೂ ಕಾಯಲಿಲ್ಲ. "ಬಿದ್ದಳಂತಲ್ಲ, ಆ ಹೆಂಗಸಿನ ಕೈ ಹೇಗಿದೆ?"

"ಪ್ಲಾಸ್ಟರ್ ಹಾಕಿದ್ದಾರೆ. ಮೀನು ಹಾಕಿದ್ದು ನೀವೇನಾ?"

"ನಾನೇ. ಗುರುವಾರ ಮಧ್ಯಾಹ್ನ, ಎಲ್ಲರೂ ಸಂತೆಗೆ ಹೋಗಿದ್ದಾಗ. ಫೆನ್ವಿಕ್ ಬಿಷಪ್ ಎದುರು ಮೂಗು ಮುಚ್ಕೊಂಡು ನಿಲ್ಲಲಿ ಅಂತ. ಬೇರೆಯವರು ಬೀಳ್ತಾರೆ ಅಂತ ನನ್ನ ತಲೆಗೆ ಹೊಳೀಲಿಲ್ಲ ಕಣಪ್ಪ."

"ಹದ್ದನ್ನ ಯಾಕೆ ಉಜ್ಜಿದ್ರಿ?"

ಮಾವಿಸ್‌ಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಮಂಕಾಗಿತ್ತು. ಅದನ್ನ ಹಾಗೇ ಬಿಟ್ಟು ಬರೋಕಾಗುತ್ತಾ? ಮೀನು ಫೆನ್ವಿಕ್‌ಗೆ. ಹದ್ದು ನನಗೇನು ಮಾಡಿತ್ತು?"

ಅಷ್ಟರಲ್ಲಿ ಬೆತ್ ಬಂದಳು. ಒಂದು ಕೈಯಲ್ಲಿ ಸಾಕ್ಷ್ಯದ ಪಾರದರ್ಶಕ ಚೀಲ, ಇನ್ನೊಂದರಲ್ಲಿ ಒಂದು ಪತ್ರ. ಚೀಲದಿಂದ ನಾಯಿಮೂತ್ರದ ಘಾಟು ಹೊಡೆಯಿತು. ನಾಯಿಕೇಂದ್ರದವರು ಹುಡುಕಿ ಕೊಟ್ಟ ಮಂಡಿದಿಂಬು; ಮೂಲೆ ಕಚ್ಚಿ ಕಿತ್ತುಹೋಗಿತ್ತು, ನಡುವೆ ಕಂದು ಕಲೆ. ಕಲೆಯ ಅಡಿಯಲ್ಲಿ ಪುಟ್ಟ ಗುಬ್ಬಿ, ಅದರ ಕೆಳಗೆ 'ಜಾನೆಟ್, ೧೯೭೦–೧೯೭೯'.

"ಅದರ ಮೇಲೆ ನಾಯಿ ಮರಿ ಹಾಕಿತ್ತು," ಎಂದರು ಮಾವಿಸ್ ಮೆಲ್ಲಗೆ. "ವಾಪಸ್ ಕೇಳೋಕೆ ಹೋಗಿದ್ದೆ. ವಾರ್ಡನ್ ಚೀಟಿ ತನ್ನಿ ಅಂದ್ರು. ಫೆನ್ವಿಕ್, ಹೋಗಲಿ ಬಿಡಿ ಮಾವಿಸ್, ಹೊಸದು ಹೊಲೀರಿ ಅಂದ. ನನ್ನ ಮಗಳು ತೀರಿಕೊಂಡ ಚಳಿಗಾಲದಲ್ಲಿ ನಾನೇ ಹೊಲಿದದ್ದು ಅದು. ಮೂವತ್ತೊಂಬತ್ತು ವರ್ಷ ಅದರ ಮೇಲೆ ಮಂಡಿಯೂರಿದ್ದೀನಿ. ಅವಳಿಗೆ ಬೇರೆ ಗೋರಿಕಲ್ಲಿಲ್ಲ ನೆವಿಲ್, ಬೂದಿ ಸಮುದ್ರಕ್ಕೆ ಬಿಟ್ವಿ."

ಬೆತ್ ಕಿಟಕಿಯ ಕಡೆ ತಿರುಗಿಕೊಂಡಳು.

ಎರಡು ನಲವತ್ತಕ್ಕೆ ಪಿಕರ್ಸ್‌ಗಿಲ್ ಕಾನೂನಿನ ಮಾತುಗಳನ್ನು ಪೂರ್ತಿಯಾಗಿ ಹೇಳಿ ಮಾವಿಸ್ ಥ್ವೇಟ್‌ರನ್ನು ಬಂಧಿಸಿದರು. ಒಬ್ಬರ ಕೈ ಮುರಿದಿತ್ತು, ಬಿಡುವ ಹಾಗಿರಲಿಲ್ಲ. ಮಾವಿಸ್ ಏಪ್ರನ್ ಬಿಚ್ಚಿ, ಮಡಿಸಿ, ಭಾನುವಾರದ ಟೊಪ್ಪಿ ಹಾಕಿಕೊಂಡು ಬಂದರು. ಕಾರಿನಲ್ಲಿ ಒಂದೇ ಮಾತು: "ಅದನ್ನ ಬಿಸಿನೀರಲ್ಲಿ ತೊಳೀಬೇಡಿ, ಉಣ್ಣೆ ಮುದುರುತ್ತೆ."

ಠಾಣೆಯಲ್ಲಿ ಹೇಳಿಕೆ ಬರೆಸಿಕೊಳ್ಳುವುದು ಮುಗಿಯುವಷ್ಟರಲ್ಲಿ ಫೆನ್ವಿಕ್ ಹಾಜರಾದ. "ದಿಂಬು ನಿಮ್ಮ ಹತ್ರ ಇದೆಯಂತೆ. ಅದು ಚರ್ಚಿನ ಆಸ್ತಿ. ಬಿಷಪ್ ಬಂದಾಗ ಒಂದು ಗಾಜಿನ ಪೆಟ್ಟಿಗೇಲಿ ಇಟ್ಟರೆ, ಜನಕ್ಕೂ ಮನಸ್ಸು ಕರಗುತ್ತೆ."

ಪಿಕರ್ಸ್‌ಗಿಲ್ ಮೇಜಿನ ಮೇಲಿದ್ದ ಕಡತ ಬಿಚ್ಚಿದರು. ಬೆತ್ ನಾಯಿಕೇಂದ್ರದಿಂದ ತಂದಿದ್ದ ಪತ್ರವನ್ನು ಅವನ ಮುಂದೆ ತಳ್ಳಿದರು. 'ತೊಂಬತ್ತಾರು ದಿಂಬುಗಳು, ಉಪಯೋಗಕ್ಕೆ ಬಾರದ ತ್ಯಾಜ್ಯ. ಇವುಗಳ ಮೇಲೆ ಚರ್ಚಿಗೆ ಇನ್ನು ಯಾವ ಹಕ್ಕೂ ಇಲ್ಲ.' ಕೆಳಗೆ ದುಂಡಗಿನ ಅಕ್ಷರದ ಸಹಿ.

"ಇದು ನಿಮ್ಮ ಸಹಿ ತಾನೆ?"

"ಹೌದು, ಆದರೆ..."

"ಆಯ್ತು. ಹೊರಡಿ."

ಅವನು ಹೋದ ಮೇಲೆ ಪಿಕರ್ಸ್‌ಗಿಲ್ ಕಿಟಕಿ ತೆರೆದು, ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಎಳೆದುಕೊಂಡರು. ಮೀನಿನ ತಲೆ ಮೂವತ್ತೆಂಟರ ಕೆಳಗೆ 'ಮಂಡಿದಿಂಬು ಒಂದು' ಎಂದು ಬರೆದರು. ನಾಯಿಕೇಂದ್ರದವರು ಬಿಟ್ಟುಕೊಟ್ಟಿದ್ದಾರೆಂದು ಪಕ್ಕದಲ್ಲಿ ಗುರುತು ಹಾಕಿದರು. ಪ್ರಕರಣ ಮುಗಿದ ಮೇಲೆ ಯಾರಿಗೆ ಹಿಂದಿರುಗಿಸಬೇಕು ಎಂಬ ಖಾನೆಯಲ್ಲಿ, ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ ಬರೆದರು: ಮಾವಿಸ್ ಥ್ವೇಟ್, ಜಾನೆಟ್‌ಳ ತಾಯಿ.

ಅದರ ಕೆಳಗೆ ಇನ್ನೊಂದು ಸಾಲು: ತಣ್ಣೀರಿನಲ್ಲಿ ಮಾತ್ರ ತೊಳೆಯುವುದು.