ಕುಂಕುಮ ಹತ್ತಿದ ಗಂಟು

1974ರ ಮೇ 12, ಬೆಳಿಗ್ಗೆ ಒಂಬತ್ತೂವರೆ. ಹಿರೇಮಾಳದ ರಾಜಮನೆತನದ ನೀಲಕಂಠರಾಯರು ಸವದತ್ತಿ ಠಾಣೆಗೆ ಬಂದು, ಕೂಡ್ರಿ ಅನ್ನುವ ಮೊದಲೇ ಕುಳಿತರು. ಸಂಸ್ಥಾನ ಹೋದರೂ ಗತ್ತು ಹೋಗಿರಲಿಲ್ಲ. ವಾಡೆಯ ದೇವರಕೋಣೆಯಿಂದ ಕಾಗದದ ಗಂಟೊಂದು ಕಳುವಾಗಿದೆ, ಗುರುವಾರ ಮಗಳ ಮದುವೆ, ಅಷ್ಟರೊಳಗೆ ಸಿಗಬೇಕು ಎಂದರು.

ಎಂಥ ಕಾಗದವೆಂದು ಫೌಜದಾರ ಮಡಿವಾಳೆಪ್ಪ ಕೇಳಿದ. ರಾಯರಿಗೆ ಸಂಕೋಚವೇ ಇರಲಿಲ್ಲ. ಹಿಂದೆ ಅವರ ಹಿರಿಯರು ಬರಗಾಲದಲ್ಲಿ ಹೆಣ್ಣುಮಕ್ಕಳನ್ನು ಕೊಂಡು ಬೇರೆ ಸಂಸ್ಥಾನಗಳಿಗೆ ಮಾರುತ್ತಿದ್ದರಂತೆ. ಮಾರದೆ ಉಳಿಸಿಕೊಂಡ ಒಬ್ಬ ತೊತ್ತಿನ ಖರೀದಿ ಪತ್ರವಿದು. ಆ ವಂಶದ ಹುಡುಗಿಯೊಬ್ಬಳನ್ನು ಮದುಮಗಳೊಂದಿಗೆ ಬಳುವಳಿ ಕೊಡುವಾಗ ಪತ್ರವನ್ನೂ ತೋರಿಸಬೇಕು. ಮಡಿವಾಳೆಪ್ಪ ಅಷ್ಟನ್ನೂ ಫಿರ್ಯಾದಿನಲ್ಲಿ ಬರೆದು ಓದಿ ಹೇಳಿದ. ರಾಯರು ಸಹಿ ಮಾಡಿದರು. ಎಫ್‌ಐಆರ್ ದಾಖಲಾಯಿತು.

ಹನ್ನೆರಡಕ್ಕೆ ವಾಡೆಯ ದೇವರಕೋಣೆಯಲ್ಲಿ ಪಂಚನಾಮೆ. ಬೆಳ್ಳಿ ದೀಪ ಇದ್ದಲ್ಲೇ ಇತ್ತು. ಕಪಾಟಿನಲ್ಲಿ ಕೆಂಪು ಬಟ್ಟೆಯ ಇಪ್ಪತ್ತು ಗಂಟುಗಳಿದ್ದವು, ಎಲ್ಲದರೊಳಗೂ ಈಗ ಕೆಲವರಷ್ಟೇ ಓದಬಲ್ಲ ಹಳೆಯ ಮರಾಠಿಯ ಮೋಡಿ ಲಿಪಿ. ಒಂದನ್ನೂ ಬಿಚ್ಚಿರಲಿಲ್ಲ. ಕಳ್ಳನಿಗೆ ಅದೇ ಗಂಟೆಂದು ಹೇಗೆ ತಿಳಿಯಿತು? ಇವುಗಳಲ್ಲಿ ಅಂಥ ಪತ್ರಗಳು ಇನ್ನೆಷ್ಟಿವೆಯೋ ಎನಿಸಿ ಪೇದೆ ಶಟ್ಟೆಪ್ಪನಿಗೆ ಆ ಕೋಣೆಯಲ್ಲಿ ನಿಲ್ಲಲು ಮನಸ್ಸಾಗಲಿಲ್ಲ.

ಕಸ ಗುಡಿಸುವ ರಾಚವ್ವ ಬಾಯಿ ಬಿಟ್ಟಳು. ಪ್ರತಿ ದಸರೆಗೆ ಆ ಒಂದು ಗಂಟನ್ನು ಹೊರಗಿಟ್ಟು, ಆ ತೊತ್ತಿನ ವಂಶದವರಾದ, ಹಿತ್ತಿಲಾಚೆಯ ಮರೆವ್ವನ ಮನೆಯ ಹೆಂಗಸರು ಅದಕ್ಕೆ ಹಣೆ ಹಚ್ಚಬೇಕಿತ್ತು. ತಲೆಮಾರುಗಳ ಕುಂಕುಮ ಬಟ್ಟೆಯಲ್ಲಿ ಕಪ್ಪಾಗಿ ಕೂತಿತ್ತು.

ಎರಡೂವರೆಗೆ ಮರೆವ್ವನ ಒಲೆಯ ಬೂದಿಯಲ್ಲಿ ಕೆಂಪು ಬಟ್ಟೆಯ ಚೂರು ಸಿಕ್ಕಿತು. ಹದಿನಾಲ್ಕರ ಮೊಮ್ಮಗಳು ಇಂದ್ರವ್ವ ಬಾಗಿಲ ಹಿಂದೆ ನಿಂತಿದ್ದಳು.

"ಯಾಕ ಸುಟ್ಟೆವ್ವಾ?" ಮಡಿವಾಳೆಪ್ಪ ಮರೆವ್ವನನ್ನು ಕೇಳಿದ.

"ರಾಯರು ತಂಗಿ ಮದುವ್ಯಾಗ ನನ್ನ ಹಿರೇಮಗಳನ್ನ ಕೊಟ್ಟ್ರು. ಮತ್ತ ಆಕಿ ಮಾರಿ ನೋಡಲಿಲ್ಲರಿ. ಈಗ ಇಂದ್ರವ್ವನ ಪಾಳಿ. ಕಾಗದ ಇಲ್ಲಂದ್ರ ಹೆಂಗ ಕೊಡತಾರ?"

"ಆ ಕಾಗದದ ಕಿಮ್ಮತ್ತು ಹೋಗಿ ನೂರ ವರ್ಷದ ಮ್ಯಾಲಾತು."

"ನಮಗ ಯಾರೂ ಹೇಳಲಿಲ್ಲರಿ."

ಮಡಿವಾಳೆಪ್ಪನಿಗೆ ನಾಚಿಕೆಯಾಯಿತು. ಆದರೂ ಕಳುವು ಕಳುವೇ, ನಾಲ್ಕಕ್ಕೆ ಅವಳನ್ನು ದಸ್ತಗಿರಿ ಮಾಡಿದ.

ಐದಕ್ಕೆ ರಾಯರು ಬಂದರು. ಪತ್ರ ಸುಟ್ಟರೇನಾಯಿತು, ಹುಡುಗಿ ಗುರುವಾರ ಹೋಗುತ್ತಾಳೆ ಎಂದರು. ಅದು ಅಪರಾಧವೆಂದು ಮಡಿವಾಳೆಪ್ಪ ಹೇಳಿದಾಗ ನಕ್ಕರು.

"ಪುರಾವೆ ಬೂದಿ ಆಗೇತಿ, ಫೌಜದಾರ."

ಮಡಿವಾಳೆಪ್ಪ ಫಿರ್ಯಾದನ್ನು ಮೇಜಿನ ಮೇಲೆ ಬಿಡಿಸಿಟ್ಟ. "ಇಲ್ಲೈತ್ರಿ. ನೀವ ಬರಸಿದ್ದು, ನಿಮ್ಮ ಸಹಿ."

ಮನುಷ್ಯರನ್ನು ಗುಲಾಮರಾಗಿ ಕೊಡುವುದು, ಕೊಳ್ಳುವುದರ ವಿರುದ್ಧದ ದಂಡಸಂಹಿತೆಯ ಕಲಂ 370ರ ಅಡಿ ಎರಡನೆಯ ಎಫ್‌ಐಆರ್ ಆಯಿತು. ಆರೂ ಹತ್ತಕ್ಕೆ ರಾಯರ ದಸ್ತಗಿರಿ. ಅವರನ್ನು ಒಳತರುವಾಗ ಕಂಬಿಯ ಹಿಂದಿದ್ದ ಮರೆವ್ವ ತಟ್ಟನೆ ಎದ್ದು ನಿಂತು, ಸೆರಗು ತಲೆಗೆಳೆದುಕೊಂಡಳು. ಕೂಡವ್ವಾ ಎಂದು ಮಡಿವಾಳೆಪ್ಪ ಎರಡು ಸಲ ಹೇಳಿದರೂ ಕೂಡಲಿಲ್ಲ.

ಅವಳ ಕಡತದಲ್ಲಿ ಕಳುವಿನ ಉದ್ದೇಶ ಎಂಬಲ್ಲಿ ಅವನು ಬರೆದ: ಮೊಮ್ಮಗಳು ಮನೆಯಲ್ಲಿ ಇರಲಿ ಎಂದು.