ಒಂದು ಎಕರೆ ಬೆಲೆಯ ಡಬ್ಬಿ

ರೇಡಿಯೋ ರಿಪೇರಿಯ ಮಲಿಕಸಾಬ ಸತ್ತು ಬಿದ್ದಿದ್ದ. ಬಿದ್ದದ್ದು ಗುಡಗೇರಿಯ ಕಾಳಿನ ವ್ಯಾಪಾರಿ ಕುಬೇರಪ್ಪನ ಹಾಡಿನ ಕೋಣೆಯಲ್ಲಿ. ಬದಿಗೆ ಕಬ್ಬಿಣದ ಕರಿ ಡಬ್ಬಿ. ಅವನ ಎರಡೂ ಅಂಗೈ ಸುಟ್ಟಿದ್ದವು.

ಕುಬೇರಪ್ಪನ ಚಿಂತೆಯೆಲ್ಲ ಡಬ್ಬಿಯದು.

"ಮೂಲಿ ನೆಗ್ಗೇತಿ ನೋಡ್ರಿ ಫೌಜದಾರ್ರ. ಒಂದ್ ಎಕರೆ ಎರಿಹೊಲ ಮಾರಿ ಮುಂಬೈದಿಂದ ತರಸೀನಿ."

"ಏನ್ ಮಾಡ್ತೈತ್ರಿ ಇದು?" ಫೌಜದಾರ ಮಡಿವಾಳೆಪ್ಪ ಕೇಳಿದ.

"ಸಿಡಿ ಪ್ಲೇಟಿನ್ಯಾಗ ಬರೇ ಅಂಕಿ ಇರ್ತಾವ್ರಿ. ಅವನ್ನ ಹಾಡು ಮಾಡ್ತೈತಿ."

"ಪ್ಲೇಯರ್ ಮಾಡೂದಿಲ್ಲೇನು?"

"ಮಾಡ್ತೈತ್ರಿ. ಇದರಷ್ಟು ಚಂದ ಅಲ್ಲ. ಕಿವಿ ಇದ್ದವ್ರಿಗೆ ತಿಳೀತೈತಿ."

"ಇವ ಹೆಂಗ ಸತ್ತ?"

"ಪ್ಲಗ್ ತಗೀದನ ಬಿಚ್ಚಾಕ ಹೋದ, ಅಡ್ನಾಡಿ. ಆಮ್ಯಾಲೆ ನಾನ ಪ್ಲಗ್ ಕಿತ್ತೀನಿ."

"ಇಲ್ಲಿ ಮತ್ತ್ಯಾರು ಬರ್ತಾರ?"

"ನನ್ನ ಹೇಂತೀನೂ ಬರಂಗಿಲ್ಲ. ಕೀಲಿ ನನ್ನ ಉಡದಾರಕ್ಕ ಐತಿ."

* * *

ಮಲಿಕಸಾಬನಿಗೂ ಲೈನಮನ್ ಮಂಜಪ್ಪನಿಗೂ ಹೋದ ವಾರ ಸಂತೆಯಲ್ಲಿ ಕೈಕೈ ಹತ್ತಿತ್ತು. ಮಡಿವಾಳೆಪ್ಪ ಮಂಜಪ್ಪನ ಬೆನ್ನು ಹತ್ತಿ ಅರ್ಧ ದಿನ ಹಾಳುಮಾಡಿಕೊಂಡ. ಸಾವಿನ ಹೊತ್ತಿಗೆ ಮಂಜಪ್ಪ ಕುಂದಗೋಳದಲ್ಲಿ ಕಂಬದ ಮೇಲಿದ್ದ. ನೋಡಿದವರು ಹತ್ತು ಜನ.

* * *

ಮಲಿಕಸಾಬನ ಹೆಂಡತಿ ಹಲೀಮಾಬಿ ಅಳುತ್ತಿರಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು.

"ಅವ್ರಿಗೆ ಕೆಲಸ ಬರ್ತಿದ್ದಿಲ್ಲ, ಅದಕ್ಕ ಸತ್ರು ಅಂತೈತ್ರಿ ಊರು. ಅವರ ಹತ್ರ ಕಲ್ತಾಕಿ ನಾನು. ನಾಳೆ ನನ್ನ ಕೈಯಾಗ ಯಾರು ರೇಡಿಯೋ ಕೊಡ್ತಾರ?"

"ಏನ್ ಕಲಿಸಿದ್ದ?"

"ಕರೆಂಟ್ ಇದ್ದ ಸಾಮಾನಿಗೆ ಒಂದ ಕೈ ಹಚ್ಚಬೇಕ್ರಿ. ಎಡಗೈ ಬೆನ್ನ ಹಿಂದ. ಆರು ತಿಂಗಳು ನನ್ನ ಎಡಗೈ ಕಟ್ಟಿ ಕಲಿಸ್ಯಾರ."

ಮಡಿವಾಳೆಪ್ಪ ಎದ್ದು ಟೊಪ್ಪಿಗೆ ಹಾಕಿಕೊಂಡ. "ನೀನೂ ಬಾ ತಂಗಿ."

* * *

ಹಾಡಿನ ಕೋಣೆಯಲ್ಲಿ ಮಡಿವಾಳೆಪ್ಪ ಕುಬೇರಪ್ಪನ ಮುಂದೆ ಡಬ್ಬಿಯನ್ನು ಬೋರಲು ಹಾಕಿದ.

"ಬಿಚ್ಚಾಕ ಹೋಗಿದ್ದ ಅಂದ್ರಿ. ಒಂದ್ ಸ್ಕ್ರೂ ಸೈತ ಅಲುಗಾಡಿಲ್ಲ. ಪ್ಲಗ್ ಹಾಕಿದ್ರ ಅವ ಎಡಗೈ ಮುಟ್ಟಿಸ್ತಿದ್ದಿಲ್ಲ. ಎರಡೂ ಕೈಲೆ ಎತ್ತ್ಯಾನ ಅಂದ್ರ, ಪ್ಲಗ್ ಹೊರಗಿದ್ದದ್ದು ಕಣ್ಣಾರೆ ನೋಡ್ಯಾನ. ಹಂಗಾರ ಕರೆಂಟ್ ಎಲ್ಲಿಂದ ಬಂತು? ತಳದಾಗ ಬಣ್ಣ ಕೆರದೈತಿ ನೋಡ್ರಿ, ಅಲ್ಲಿ ಬ್ಯಾರೆ ಕರೆಂಟ್ ತಂತಿ ಹಚ್ಚಿ ಆಮ್ಯಾಲೆ ಕಿತ್ತೀರಿ. 'ಎತ್ತಿಕೊಡು' ಅಂದೀರಿ. ಕೀಲಿ ನಿಮ್ಮ ಉಡದಾರಕ್ಕ ಐತಿ."

"ನಾ ಯಾಕ ಕೊಲ್ಲಲಿ?"

ಮಡಿವಾಳೆಪ್ಪ ಹೆಣದ ಜೇಬಿನಲ್ಲಿ ಸಿಕ್ಕ ಚೀಟಿ ಬಿಡಿಸಿದ. "ಮೊನ್ನೆ ಪರದೆ ಕಟ್ಟಿ ನಿಮ್ಮ ಕಿವಿ ಪರೀಕ್ಷಾ ಮಾಡ್ಯಾನ. ಪ್ಲೇಯರಿಗೆ ಡಬ್ಬಿ ಹಚ್ಚಿದ್ದು ಯಾವಾಗ, ಬಿಟ್ಟಿದ್ದು ಯಾವಾಗ, ಹಾಡು ಕೇಳಿ ಹೇಳ್ರಿ ಅಂತ ಹತ್ತು ಸಲ ಕೇಳ್ಯಾನ. ನೀವು ಸರಿ ಹೇಳಿದ್ದು ನಾಕು."

ಕುಬೇರಪ್ಪ ಬೆವರು ಒರೆಸಿಕೊಂಡ. "ನಾಳೆ ಹುಬ್ಬಳ್ಳಿ ಬೀಗರು ಇದರ ಹಾಡು ಕೇಳಾಕ ಬರಾವ್ರಿದ್ರು. ಅವರ ಮುಂದ ಇವ ಬಾಯಿ ಬಿಟ್ಟಿದ್ರ ನನ್ನ ಮಾನ?"

ಹಲೀಮಾಬಿ ಮುಂದೆ ಬಂದಳು.

"ನಮ್ಮನಿಯವ್ರು ಚಾದ ಅಂಗಡ್ಯಾಗ ಎಲ್ಲಾರ ಮುಂದ ಹೇಳಿ ಬಂದಾರ್ರಿ ಸಾವ್ಕಾರ್ರ, ನೀವು ಹತ್ತಕ್ಕ ಹತ್ತೂ ಸರಿ ಹೇಳಿದ್ರಿ ಅಂತ. ಅದ್ಯಾಕ ಸುಳ್ಳು ಅಂತ ಕೇಳಿದೆ. 'ಪಾಪ, ಹೊಲ ಮಾರಿ ತಂದಾರ. ಅಷ್ಟ ಹೇಳಿದ್ರ ನಂದೇನು ಹೋಕ್ಕೈತಿ' ಅಂದ್ರು."